ಕನ್ನಡ ಅಂಕಿಯ ಸ್ವಿಸ್ ವಾಚು

ಕಾಲ ಕೆಟ್ಟುಹೋಯಿತು ಎಂದು ಹೇಳುವವರು ಚನ್ನಗಿರಿಯಲ್ಲಿ ಬೀದಿಗೆ ಹತ್ತು ಮಂದಿ ಸಿಗುತ್ತಿದ್ದರು. ಕೆಟ್ಟ ಕಾಲವನ್ನು ಬಿಚ್ಚಿ, ತೊಳೆದು, ಹನಿ ಎಣ್ಣೆ ಬಿಟ್ಟು ಎರಡೇ ದಿನದಲ್ಲಿ ವಾಪಸು ಕೊಡುವವನು ಮಾತ್ರ ಒಬ್ಬನೇ ಇದ್ದ. ಬಸ್ ಸ್ಟ್ಯಾಂಡಿನೆದುರು ಬಟ್ಟೆ ಅಂಗಡಿಯೊಂದರ ಜಗಲಿಯ ಮೇಲೆ, ಗಾಜಿನ ಪೆಟ್ಟಿಗೆಯ ಹಿಂದೆ ಕೂರುತ್ತಿದ್ದ ವಾಚ್ ರಿಪೇರಿ ಪಂಚಾಕ್ಷರಪ್ಪ.

ಅವನ ಕೈಗಿಂತ ಅವನ ನಿಯತ್ತಿಗೆ ಹೆಸರು ಜಾಸ್ತಿ. ವಾಚು ಬಿಚ್ಚಿದನೆಂದರೆ ಗಿರಾಕಿಯ ಹೆಸರು ಬರೆದ ಚೀಟಿ ಕೇಸಿಗೊಂದು, ಮಷೀನಿಗೊಂದು, ಮುಳ್ಳುಗಳಿಗೊಂದು. ಒಂದು ವಾಚಿನ ಮುಚ್ಚಳ ಮುಚ್ಚುವ ತನಕ ಇನ್ನೊಂದರ ಮುಚ್ಚಳ ತೆರೆಯುತ್ತಿರಲಿಲ್ಲ. ಸಾಹೇಬರೇ ಜೀಪಿನಿಂದಿಳಿದು ಬಂದು ನಿಂತರೂ ಅಷ್ಟೇ. "ವಾಚಿಗೆ ಇಷ್ಟು ಚೀಟಿ ಕಟ್ಟತಾರೆ ನಮ್ಮನೆಯವ್ರು, ಹೆತ್ತ ಮಕ್ಕಳಿಗೆ ಒಂದು ತಾಯಿತ ಕಟ್ಟಿಸಲಿಲ್ಲ" ಎಂದು ಹೆಂಡತಿ ಪ್ರೇಮಮ್ಮ ನೆರೆಮನೆಯವರ ಮುಂದೆ ಆಡಿಕೊಳ್ಳುತ್ತಿದ್ದಳು. ಊರವರು ಇದನ್ನು ದೊಡ್ಡ ಗುಣವೆಂದು ಕೊಂಡಾಡಿದರು. ಅದು ಗುಣವಲ್ಲ, ಹೆದರಿಕೆ ಎಂಬುದು ಪಂಚಾಕ್ಷರಪ್ಪನೊಬ್ಬನಿಗೇ ಗೊತ್ತಿತ್ತು.

೧೯೮೦ರ ಮಾಘ ಮಾಸದ ಒಂದು ಬೆಳಿಗ್ಗೆ, ಅವನು ಇನ್ನೂ ಗಾಜಿನ ಪೆಟ್ಟಿಗೆ ಒರೆಸುತ್ತಿರುವಾಗಲೇ, ಹೆಗಲಿಗೆ ಶಲ್ಯ ಹೊದ್ದ ಒಬ್ಬ ಹಿರಿಯರು ಮೊದಲ ಬಸ್ಸಿನಿಂದಿಳಿದು ನೇರ ಅವನ ಹತ್ತಿರ ಬಂದರು.

"ಪಂಚಾಕ್ಷರಪ್ಪ ಅಂದ್ರೆ ನೀವೇ ಏನ್ರಿ?"

"ನಾನೇ. ಕೂರ್ರಿ. ವಾಚಿಗೇನಾಗೈತೆ?"

"ವಾಚಿಗೇನೂ ಆಗಿಲ್ರಿ, ಟಿಕ್ ಟಿಕ್ ಅಂತ ಆರಾಮ ಐತೆ. ಆಗಿರೋದು ನನಗೆ."

ಅವರು ನ್ಯಾಮತಿಯ ಷಣ್ಮುಖಪ್ಪ. ಮಗಳು ರುದ್ರಾಣಿಗೆ ಜಗಳೂರಿನ ಸಂಬಂಧ ಕೂಡಿಬಂದಿತ್ತು. ಹುಡುಗ ಹೈಸ್ಕೂಲು ಮೇಷ್ಟ್ರು, ಒಳ್ಳೆಯವನು. ನಿನ್ನೆ ನಿಶ್ಚಿತಾರ್ಥ. ಹುಡುಗನಿಗೆ ಕೊಡುವ ಉಡುಗೊರೆಗಳನ್ನು ಹರಿವಾಣದಲ್ಲಿ ಇಟ್ಟಿದ್ದರು. ಪಂಚೆ, ಶಲ್ಯ, ಉಂಗುರ, ಜೊತೆಗೆ ಷಣ್ಮುಖಪ್ಪನವರ ತಂದೆಯ ಹಳೆಯ ಜೇಬು ಗಡಿಯಾರ. ಅದನ್ನು ಯಾವುದೋ ಕಾಲದಲ್ಲಿ ಕೈಗೆ ಕಟ್ಟುವಂತೆ ಮಾಡಿಸಿದ್ದರು. ಹುಡುಗನ ಸೋದರಮಾವ ನಾಗರಾಜಪ್ಪ ಅದನ್ನೆತ್ತಿ ನೋಡಿದವನೇ "ಇದು ಡೂಪ್ಲಿಕೇಟು" ಎಂದುಬಿಟ್ಟ.

"ಬೀಗರು ಇನ್ನೂ ನಮ್ಮನ್ಯಾಗೇ ಕೂತಾರೆ. ತಾಂಬೂಲ ಬದಲಾಗಿಲ್ಲ. ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ. ವಾಚು ಹೋದ್ರೆ ಹೋಗ್ಲಿ, ಹೊಸದೇ ತಂದುಕೊಡತೀನಿ ಅಂದೆ. 'ಮಾತು ವಾಚಿಂದಲ್ಲ, ಮೋಸದ್ದು' ಅಂತಾನೆ ಆತ. 'ಚನ್ನಗಿರಿ ಪಂಚಾಕ್ಷರಪ್ಪ ಬಂದು ಖರೇ ಅಂದ್ರೆ ಖರೇ, ಖೋಟಾ ಅಂದ್ರೆ ಖೋಟಾ. ಬ್ಯಾರೆಯವ್ರ ಮಾತು ಬ್ಯಾಡ' ಅಂತ ಅವನೇ ನಿಮ್ಮ ಹೆಸರು ಎತ್ತಿದ. ವಾಚನ್ನ ನನ್ನ ಕೈಗೂ ಕೊಡಲಿಲ್ಲ, ದಾರ್ಯಾಗ ಬದಲಿ ಮಾಡೀನು ಅಂತ."

"ಯಾಕೆ ಡೂಪ್ಲಿಕೇಟಂತೆ?"

"ಏನಿಲ್ರಿ, ಅದರ ಮುಖದ ಮೇಲೆ ಕನ್ನಡ ಅಂಕಿ ಅದಾವೆ."

ಪಂಚಾಕ್ಷರಪ್ಪನ ಕೈಯಲ್ಲಿದ್ದ ಚಿಮಟ ಗಾಜಿನ ಮೇಲೆ ಠಣ್ ಎಂದು ಬಿತ್ತು.

"ಸೆಕೆಂಡಿನ ಸಣ್ಣ ಮುಳ್ಳು ಎಡಗಡೆ, ಒಂಬತ್ತರ ಹತ್ರ ಐತಾ?" ಎಂದು ಕೇಳಿದ. 

"ಅರೆ! ನೋಡದೇ ಹೇಳಿದ್ರಲ್ರಿ!" ಷಣ್ಮುಖಪ್ಪ ಕೈ ಮುಗಿದುಬಿಟ್ಟರು. "ಹೆಸರು ಸುಮ್ನೆ ಬರಂಗಿಲ್ಲ ಬಿಡ್ರಿ."

ಹೊನ್ನಾಳಿಗೆ ಹೋಗುವ ಬಸ್ಸಿನಲ್ಲಿ ಷಣ್ಮುಖಪ್ಪ ಕೂತಲ್ಲೇ ತೂಕಡಿಸಿದರು. ಪಂಚಾಕ್ಷರಪ್ಪ ಮಾತ್ರ ಕಿಟಕಿಯ ಸರಳು ಹಿಡಿದು ಇಪ್ಪತ್ತೆರಡು ವರ್ಷ ಹಿಂದಕ್ಕೆ ಪ್ರಯಾಣ ಮಾಡಿದ. ಅದಕ್ಕೆ ಟಿಕೆಟು ಬೇಕಾಗಲಿಲ್ಲ.

ಆಗ ಅವನಿಗೆ ಹತ್ತೊಂಬತ್ತು. ಹೊನ್ನಾಳಿಯಲ್ಲಿ ಮರುಳಪ್ಪ ಎಂಬ ಗುರುವಿನ ಕೈಕೆಳಗೆ ಕೆಲಸ. ಒಂದು ದಿನ ನ್ಯಾಮತಿಯ ಅಜ್ಜ ಒಬ್ಬರು ಒಂದೇ ತರಹದ ಎರಡು ಜೇಬು ಗಡಿಯಾರ ತಂದಿಟ್ಟರು. ಒಂದು ಅವರದು, ಇನ್ನೊಂದು ಅವರ ಜಗಳೂರಿನ ಗೆಳೆಯರದು. ಇಬ್ಬರೂ ಕೂಡಿ ಬೊಂಬಾಯಿಗೆ ಹೋದಾಗ ಒಂದೇ ಅಂಗಡಿಯಲ್ಲಿ ಕೊಂಡ ಜೋಡಿ ಅದು. ಜಗಳೂರಿನದನ್ನು ತೊಳೆದು ಕೊಟ್ಟರೆ ಸಾಕು. ತಮ್ಮದನ್ನು ಮಾತ್ರ ಕೈಗೆ ಕಟ್ಟುವಂತೆ ಮಾಡಬೇಕು, ಮತ್ತು ಅಂಕಿ ಕನ್ನಡದಲ್ಲಿ ಬರೆಸಬೇಕು. "ಈ ರೋಮನ್ನು ಗೀಮನ್ನು ನನಗೆ ತಿಳಿಯಂಗಿಲ್ಲ. ಬೇಲಿಗೆ ಗೂಟ ಹೊಡದಂಗೆ ಐತೆ. ಇಪ್ಪತ್ತು ವರ್ಷದಿಂದ ಜೇಬಿನಾಗ ಗಡಿಯಾರ ಇಟ್ಕಂಡು ಮಂದೀನ ಟೈಮ್ ಕೇಳೀನಿ" ಎಂದು ಅಜ್ಜ ನಾಚಿಕೆಯಿಲ್ಲದೆ ನಕ್ಕಿದ್ದರು.

ಜೇಬು ಗಡಿಯಾರಕ್ಕೆ ಚಾವಿ ಕೊಡುವ ಗುಂಡಿ ತಲೆಯ ಮೇಲಿರುತ್ತದೆ. ಕೈಗೆ ಕಟ್ಟುವುದಾದರೆ ಅದು ಬಲಗಡೆಗೆ ಬರಬೇಕು. ಹಾಗಾಗಿ ಇಡೀ ಮೈಯನ್ನೇ ಕಾಲು ಸುತ್ತು ತಿರುಗಿಸಿ, ಕೇಸಿಗೆ ಪಟ್ಟಿ ಸಿಕ್ಕಿಸುವ ಕಿವಿಗಳನ್ನು ಬೆಸುಗೆ ಹಾಕಬೇಕು. ಆಗ ಆರರ ಹತ್ತಿರವಿದ್ದ ಸೆಕೆಂಡಿನ ಪುಟ್ಟ ಮುಳ್ಳು ಒಂಬತ್ತರ ಹತ್ತಿರ ಬಂದು ಕೂರುತ್ತದೆ, ಹಳೆಯ ಡಯಲು ಹೊಂದುವುದಿಲ್ಲ. ಮರುಳಪ್ಪ ಹೊಸ ಡಯಲನ್ನು ಕತ್ತರಿಸಿ, 'ಊಟ ತಯಾರಿದೆ' ಎಂಬ ಬೋರ್ಡು ಬರೆಯುವ ಪೇಂಟರನಿಗೆ ಕೊಟ್ಟರು. ಅವನು ಅಷ್ಟಗಲದ ಕೈಯಲ್ಲಿ ಇಷ್ಟಗಲದ ಅಂಕಿಗಳನ್ನು ಮುತ್ತಿನಂತೆ ಬರೆದುಕೊಟ್ಟ.

ಅಲ್ಲಿಯವರೆಗೆ ಎಲ್ಲ ಸರಿ. ಅವತ್ತು ಆಯುಧಪೂಜೆ. ಮರುಳಪ್ಪನವರ ಅಂಗಡಿಯಲ್ಲೊಂದು ಕಟ್ಟಳೆ ಇತ್ತು: ಪೂಜೆಯ ಹೊತ್ತಿಗೆ ಹೊಟ್ಟೆ ತೆರೆದ ವಾಚು ಮೇಜಿನ ಮೇಲಿರಬಾರದು. ಗಿರಾಕಿಯ ಗಡಿಯಾರ ಬಾಯಿ ಬಿಟ್ಟುಕೊಂಡು ಬಿದ್ದಿದ್ದರೆ ವರ್ಷವಿಡೀ ಅಂಗಡಿ ಬಾಯಿ ಬಿಡುತ್ತದಂತೆ. ಜೋಡಿ ಗಡಿಯಾರದ ಎರಡೂ ಮಷೀನುಗಳು ಮುಖ ಕಳಚಿಕೊಂಡು, ಎರಡು ಗಾಜಿನ ಲೋಟಗಳ ಕೆಳಗೆ ಅಕ್ಕಪಕ್ಕ ಕೂತಿದ್ದವು. ಎಡಗಡೆಯದು ನ್ಯಾಮತಿ, ಬಲಗಡೆಯದು ಜಗಳೂರು. ಚೀಟಿ ಗೀಟಿ ಏನೂ ಇಲ್ಲ, ನೆನಪೇ ಚೀಟಿ. ಮರುಳಪ್ಪನವರ ಮನೆಯವರು ಬಂದು ಹರಿವಾಣ ಇಡಲು ಜಾಗ ಬೇಕೆಂದು ಎರಡು ಲೋಟಗಳನ್ನೂ ಕಪಾಟಿನ ಮೇಲಿಟ್ಟರು. "ಹೊತ್ತಾತು, ಮುಚ್ಚೋ, ಮುಚ್ಚೋ!" ಎಂದು ಗುರುಗಳು ಕೂಗಿದರು. ಕಪಾಟಿನಿಂದ ಲೋಟ ತೆಗೆಯುವಾಗ ಪಂಚಾಕ್ಷರಪ್ಪನ ಕೈ ಗಾಳಿಯಲ್ಲಿ ನಿಂತಿತು. ಎಡ ಯಾವುದು, ಬಲ ಯಾವುದು?

ಅಂದಾಜಿನ ಮೇಲೆ ಕೂರಿಸಿ ಮುಚ್ಚಿದ. ಎರಡಕ್ಕೂ ಕುಂಕುಮ ಬಿತ್ತು. ಗುರುವಿಗೆ ಹೇಳಲಿಲ್ಲ. ಮೂರನೆಯ ದಿನ ಅಜ್ಜ ಬಂದು ಎರಡನ್ನೂ ಒಯ್ದರು.

ಕೇಸಿನ ಮುಚ್ಚಳದ ಒಳಗೂ ಮಷೀನಿನ ಮೈಮೇಲೂ ಆ ಕಂಪನಿಯವರು ಒಂದೇ ನಂಬರು ಕೊರೆಯುತ್ತಾರೆ ಎಂಬ ವಿದ್ಯೆ ಅವನಿಗೆ ತಿಳಿದದ್ದು ಹತ್ತು ವರ್ಷದ ಮೇಲೆ, ದಾವಣಗೆರೆಗೆ ಬಂದಿದ್ದ ಒಬ್ಬ ಹಳೇ ಮೆಕ್ಯಾನಿಕನಿಂದ. ಮರುವಾರವೇ ನ್ಯಾಮತಿಗೆ ಹೊರಟ. ಬಸ್ ಸ್ಟ್ಯಾಂಡಿನಲ್ಲಿಳಿದ. ಏನೆಂದು ಹೇಳಿ ಮನೆಯೊಳಗೆ ಹೋಗುವುದು? 'ನಿಮ್ಮ ಗಡಿಯಾರ ಕದ್ದಿಲ್ಲ, ಆದರೆ ಬಹುಶಃ ಬೇರೆಯವರದನ್ನು ಕೊಟ್ಟಿದ್ದೇನೆ' ಎಂದೇ? ಮೆಣಸಿನಕಾಯಿ ಬಜ್ಜಿಯ ಜೊತೆ ಎರಡು ಪ್ಲೇಟು ಮಂಡಕ್ಕಿ ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ಅದೇ ಬಸ್ಸಿಗೆ ವಾಪಸು ಬಂದಿದ್ದ.

ಈಗ ನ್ಯಾಮತಿಯೇ ಶಲ್ಯ ಹೊದ್ದು ಬಂದು ಅವನನ್ನು ಕರೆದೊಯ್ಯುತ್ತಿತ್ತು.

ಷಣ್ಮುಖಪ್ಪನವರ ಪಡಸಾಲೆಯಲ್ಲಿ ಜಮಖಾನದ ಮೇಲೆ ಬೀಗರು ಹರಡಿ ಕೂತಿದ್ದರು. ನಡುವೆ ನಾಗರಾಜಪ್ಪ. ಅವನು ಮಾತು ಶುರು ಮಾಡುವ ಮುಂಚೆ ಗಂಟಲಲ್ಲೊಂದು ಸದ್ದು ಬರುತ್ತಿತ್ತು, ಹಳೇ ಪಂಪ್‌ಸೆಟ್ಟು ನೀರೆತ್ತುವ ಮುಂಚಿನ ಹಾಗೆ. ಶುರುವಾದ ಮೇಲೂ ಹಾಗೆಯೇ, ಯಾರಾದರೂ ಬಂದ್ ಮಾಡುವ ತನಕ ನಿಲ್ಲುತ್ತಿರಲಿಲ್ಲ.

"ಖೊರ್... ಖೊರ್... ಬರ್ರಿ ಪಂಚಾಕ್ಷರಪ್ನೋರೇ. ನಾನು ನಿಮ್ಮ ಮುಖ ನೋಡಿ ಕರೆಸಿಲ್ಲ, ಹೆಸರು ಕೇಳಿ ಕರೆಸೀನಿ, ಗೊತ್ತಾತಾ? ಇದು ಸ್ವಿಜರ್ಲ್ಯಾಂಡಿನ ವಾಚಂತೆ. ಆ ದೇಶದ ಮಂದಿ ಹೊನ್ನಾಳಿ ಪ್ರೈಮರಿ ಶಾಲ್ಯಾಗ ಓದಿದ್ರೇನು, ಒಂದು ಎರಡು ಅಂತ ಕನ್ನಡದಾಗ ಬರಿಯಾಕೆ? ಗೊತ್ತಾತಾ? ನಮ್ಮ ಅಪ್ಪಂದು ಇದರ ಜೋಡಿ. ಇಲ್ಲಿ ನೋಡ್ರಿ, ಖರೇ ಅಂದ್ರೆ ಇದು!"

ಕೋಟಿನ ಜೇಬಿನಿಂದ ಸರಪಳಿ ಎಳೆದ. ಪಂಚಾಕ್ಷರಪ್ಪ ಗುರುತು ಹಿಡಿದ: ಆ ಜಗಳೂರಿನ ಗೆಳೆಯರದು. ಇಪ್ಪತ್ತೆರಡು ವರ್ಷದ ಹಿಂದೆ ಬಲಗಡೆಯ ಲೋಟದ ಕೆಳಗಿದ್ದದ್ದು. ಅಥವಾ, ದೇವರೇ ಬಲ್ಲ, ಎಡಗಡೆಯದು.

ಅಷ್ಟರಲ್ಲಿ ಅಡುಗೆಮನೆಯಿಂದಲೂ ನಾಗರಾಜಪ್ಪನ ದನಿಯೇ ಕೇಳಿಬಂತು. "ಖೊರ್... ಖೊರ್... ಈ ಉಪ್ಪಿಟ್ಟು ಡೂಪ್ಲಿಕೇಟು, ಗೊತ್ತಾತಾ? ಖರೇ ಉಪ್ಪಿಟ್ಟಿನಾಗ ಉಪ್ಪು ಇರತೈತೆ, ಗೊತ್ತಾತಾ?" ಹಿಂದೆಯೇ ಹೆಂಗಸರ ನಗು, ಯಾರೋ ಬಾಯಿ ಮುಚ್ಚಿಸಿದ ಸದ್ದು. ನಾಗರಾಜಪ್ಪ ಪಡಸಾಲೆಯಲ್ಲೇ ಬಾಯಿ ತೆರೆದು ಕೂತಿದ್ದ. ಷಣ್ಮುಖಪ್ಪನವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಮದುಮಗನಾಗಬೇಕಾದ ಮೇಷ್ಟ್ರು ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡ; ಹೆಗಲು ಮಾತ್ರ ಕುಣಿಯುತ್ತಿತ್ತು.

ಪಂಚಾಕ್ಷರಪ್ಪ ಜಮಖಾನದ ತುದಿಗೆ ಬಿಳಿ ಬಟ್ಟೆ ಹಾಸಿ, ಎರಡೂ ಗಡಿಯಾರಗಳನ್ನು ಅದರ ಮೇಲಿಟ್ಟುಕೊಂಡು ಕೂತ. ಕಣ್ಣಿಗೆ ಗಾಜು ಸಿಕ್ಕಿಸಿ ವಾಚಿನ ಮುಖ ನೋಡಿದ. ಪೇಂಟರನ ಕೈಯ ದುಂಡನೆಯ ಅಂಕಿಗಳು ಇನ್ನೂ ಮಾಸಿರಲಿಲ್ಲ.

"ಈ ಮುಖ ಸ್ವಿಸ್ ಅಲ್ಲ" ಎಂದ.

"ನಾ ಹೇಳಲಿಲ್ವಾ!" ಪಂಪ್‌ಸೆಟ್ಟು ಚಾಲೂ ಆಯಿತು.

"ತಡೀರಿ. ಮುಖ ಹೊನ್ನಾಳಿದು. ಮರುಳಪ್ಪ ಅಂತ ನಮ್ಮ ಗುರುಗಳ ಅಂಗಡ್ಯಾಗ ಆಗಿದ್ದು. ಈ ಕಿವಿ ಬೆಸುಗೆ ಹಾಕಿದ್ದು ನಾನೇ. ಚಾವಿ ಪಕ್ಕಕ್ಕೆ ತಂದ್ರೆ ಸೆಕೆಂಡಿನ ಮುಳ್ಳು ಎಡಕ್ಕೆ ಬಂದೇ ಬರತೈತೆ. ಅದಕ್ಕೇ ಹಳೇ ಮುಖ ತೆಗದು ಹೊಸಾದು ಬರಸಿದ್ವಿ. ಇವರ ತಂದೆಗೆ ಕನ್ನಡ ಅಂಕಿನೇ ಬೇಕಾಗಿತ್ತು. ಕೇಸು ಅಪ್ಪಟ ಬೆಳ್ಳಿ, ನಿಮ್ಮದರ ಅಣ್ಣನೋ ತಮ್ಮನೋ."

ಪಡಸಾಲೆ ಒಮ್ಮೆಲೇ ಉಸಿರುಬಿಟ್ಟಿತು. ಷಣ್ಮುಖಪ್ಪನವರ ಕಣ್ಣು ತುಂಬಿ ಬಂದವು. "ಮತ್ತೇನ್ರಿ ಬೀಗರೇ?" ಎಂದು ಯಾರೋ ಹಿರಿಯರು ಕೇಳಿದರು. ನಾಗರಾಜಪ್ಪ ಎರಡು ಸಲ ಖೊರ್ ಎಂದ, ನೀರು ಬರಲಿಲ್ಲ. "ಅವ್ರು ಹೇಳಿದ ಮೇಲೆ ಆತಪ್ಪ" ಎಂದ. ಯಾರೋ ಎಲೆ ಅಡಿಕೆಯ ತಟ್ಟೆಯನ್ನು ಮುಂದಕ್ಕೆ ತಳ್ಳಿಯೂ ಆಯಿತು.

ಮುಗಿದಿತ್ತು. ಬಟ್ಟೆ ಮಡಿಚಿ ಎದ್ದರೆ ಸಾಕಿತ್ತು. ಪಂಚಾಕ್ಷರಪ್ಪ ಬಟ್ಟೆಯ ಒಂದು ಮೂಲೆ ಮಡಿಚಿದ್ದ ಕೂಡ.

ಕಾಫಿಯ ತಟ್ಟೆ ಹಿಡಿದು ರುದ್ರಾಣಿ ಬಂದಳು. ನಾಗರಾಜಪ್ಪನ ದನಿ ತೆಗೆದವಳು ಇವಳೇ ಎಂದು ಅವಳ ಗಂಭೀರ ಮುಖ ನೋಡಿದರೆ ಯಾರೂ ನಂಬುತ್ತಿರಲಿಲ್ಲ. ಲೋಟ ಇಡುತ್ತ ಬಗ್ಗಿದವಳು ಹಾಗೆಯೇ ಕೂತು ಕೇಳಿದಳು:

"ಅಣ್ಣಾರೇ, ಮುಖ ಬದಲಾತು, ಕಿವಿ ಬಂದ್ವು, ಅದೆಲ್ಲ ತಿಳೀತು. ಒಳಗಿನ ಮಷೀನು ನಮ್ಮಜ್ಜಂದೇ ಹೌದಲ್ರಿ? ಸಣ್ಣವಳಿದ್ದಾಗ ರಾತ್ರಿ ಅಜ್ಜನ ಮಗ್ಗುಲಲ್ಲಿ ಮಲಗಿ ಅದರ ಸದ್ದೇ ಕೇಳತಿದ್ದೆ. ಅದೊಂದು ಹೇಳಿಬಿಡ್ರಿ."

ಸುಳ್ಳು ಹೇಳುವುದು ಏನು ಕಷ್ಟ? 'ಹೌದು' ಎನ್ನಲು ಎರಡಕ್ಷರ. ಅವನ ಹೆಸರಿನಲ್ಲೇ ಐದು ಅಕ್ಷರವಿತ್ತು, ಎರಡು ಸಾಲ ಕೊಡಲು ಯಾವುದೂ ಮುಂದೆ ಬರಲಿಲ್ಲ.

"ಅದು ನನಗೆ ಗೊತ್ತಿಲ್ಲವ್ವ" ಎಂದ.

ಹೇಳಿದ ಮೇಲೆ ನಿಲ್ಲಿಸಲು ಆಗಲಿಲ್ಲ. ಆಯುಧಪೂಜೆ, ಎರಡು ಲೋಟ, ಹರಿವಾಣ, ಕಪಾಟು, ಎಲ್ಲ ಹೇಳಿದ. ಬಸ್ ಸ್ಟ್ಯಾಂಡಿನ ತನಕ ಬಂದು ವಾಪಸು ಹೋದದ್ದನ್ನೂ ಹೇಳಿದ. ಮಂಡಕ್ಕಿಯನ್ನು ಮಾತ್ರ ಬಿಟ್ಟ. "ನಿಮ್ಮ ಮನೆತನದ್ದೇನೂ ತಪ್ಪಿಲ್ಲ ಯಜಮಾನ್ರೇ. ಬದಲಾಗಿದ್ರೆ ಬದಲು ಮಾಡಿದವನು ನಾನು. ಹೆಸರು ಕೇಳಿ ಕರೆಸೀನಿ ಅಂದ್ರಿ ನಾಗರಾಜಪ್ನೋರೇ. ಹೆಸರು ಇಷ್ಟೇ ಐತೆ."

ಎರಡು ಗಡಿಯಾರಗಳೂ ಬಿಳಿ ಬಟ್ಟೆಯ ಮೇಲೆ ತಮ್ಮ ಪಾಡಿಗೆ ತಾವು ಟಿಕ್ ಎನ್ನುತ್ತಿದ್ದವು.

ಮೊದಲು ಎಚ್ಚೆತ್ತವನು ನಾಗರಾಜಪ್ಪ. ಅವನ ಗಂಟಲಿಗೆ ಈ ಸಲ ಮುನ್ನುಡಿ ಹೊಳೆಯಲಿಲ್ಲ. "ಅಂದ್ರೆ... ಇವರದು ಬದಲಾಗಿದ್ರೆ... ನಂದು?"

"ನಿಮ್ಮದೂ ಬದಲಾಗಿರತೈತೆ."

"ಅಯ್ಯಯ್ಯೋ! ನಮ್ಮಪ್ಪಂದು ಅಂತ ದಿನಾ ಪೂಜೆ ಮಾಡೀನಲ್ರೀ! ಇಪ್ಪತ್ತು ವರ್ಷದಿಂದ ಬ್ಯಾರೆಯವ್ರ ಅಪ್ಪಂಗೆ ಕೈ ಮುಗದೀನೇನು?"

"ನಮ್ಮಜ್ಜಂಗೆ ಕೈ ಮುಗದ್ರೆ ತಪ್ಪೇನಿಲ್ಲ ಬಿಡ್ರಿ ಮಾವ" ಎಂದಳು ರುದ್ರಾಣಿ. ಮೇಷ್ಟ್ರ ಕರ್ಚೀಫು ಮತ್ತೆ ಮೇಲೇರಿತು.

"ನೋಡಾಕೆ ಏನಾದ್ರೂ ದಾರಿ ಐತೇನ್ರಿ?" ಷಣ್ಮುಖಪ್ಪ ಮೆಲ್ಲಗೆ ಕೇಳಿದರು.

"ಐತೆ. ಮುಚ್ಚಳದ ನಂಬರು, ಮಷೀನಿನ ನಂಬರು ಒಂದೇ ಇರಬೇಕು. ಎಲ್ಲಾರ ಎದುರಿಗೇ ತೆಗೀತೀನಿ. ಮೇಷ್ಟ್ರೇ, ನೀವು ಬರ್ಕೊಳ್ರಿ."

ಚಾಕುವಿನ ತುದಿ ಸಿಕ್ಕಿಸಿ ಕೈಗಡಿಯಾರದ ಹಿಂದಿನ ಮುಚ್ಚಳ ಎಬ್ಬಿಸಿದ. ಮುಚ್ಚಳದ ಒಳಮೈಯಲ್ಲಿ ಆರು ಅಂಕಿ. ಒಂದೊಂದಾಗಿ ಓದಿದ: ಮೂರು, ಒಂದು, ಒಂಬತ್ತು, ನಾಲ್ಕು, ಎರಡು, ಎಂಟು. ಮಷೀನಿನ ಕಡೆ ಬಗ್ಗಿದ. ಮೂರು... ಒಂದು... ಒಂಬತ್ತು... ನಾಲ್ಕು... ಎರಡು...

ಕೊನೆಯದು ಕಾಣಲಿಲ್ಲ. ಒಣಗಿದ ಎಣ್ಣೆ ಕಪ್ಪಗೆ ಗಟ್ಟಿಯಾಗಿ ಕೂತಿತ್ತು.

"ಐದು ಕೂಡಿದ್ವಲ್ಲ, ಸಾಕು ಬಿಡ್ರಿ" ಎಂದರು ಯಾರೋ.

ಪಂಚಾಕ್ಷರಪ್ಪ ಮೊದಲ ಸಲ ತನ್ನ ಕಟ್ಟಳೆ ಮುರಿದು ನಾಗರಾಜಪ್ಪನ ಗಡಿಯಾರದ ಮುಚ್ಚಳವನ್ನೂ ತೆರೆದ. ಇಪ್ಪತ್ತೆರಡು ವರ್ಷ ಗಿರಾಕಿ ನೋಡದ ಜಾಗ. ಅಲ್ಲೂ ಮೂರು, ಒಂದು, ಒಂಬತ್ತು, ನಾಲ್ಕು, ಎರಡು. ಕೊನೆಗೆ ಏಳು. ಒಂದೇ ಅಂಗಡಿಯಲ್ಲಿ ಒಂದೇ ಪೆಟ್ಟಿಗೆಯಿಂದ ತೆಗೆದ ಜೋಡಿ. ಒಂದರ ಹಿಂದೆ ಒಂದು ಹುಟ್ಟಿದವು. ಐದು ಅಂಕಿ ಕೂಡಿದ್ದು ಎರಡಕ್ಕೂ ಕೂಡುತ್ತದೆ. ಇದರ ಮಷೀನಿನ ಕೊನೆಯ ಅಂಕಿಯಂತೂ ಒಂದು ಸ್ಕ್ರೂ ತಲೆಯ ಪಕ್ಕ ಸವೆದು ಮಾಯವಾಗಿತ್ತು. ಏಳೋ ಎಂಟೋ ಹೇಳಬೇಕಾದದ್ದು ಆ ಕಪ್ಪು ಎಣ್ಣೆಯ ಕೆಳಗಿನದೊಂದೇ.

ಬೆಂಕಿಕಡ್ಡಿಯ ತುದಿಯನ್ನು ಸೂಜಿಯಂತೆ ಚೂಪು ಮಾಡಿದ. ಶೀಷೆಯಿಂದ ಒಂದು ಹನಿ ಪೆಟ್ರೋಲು. ಉಸಿರು ಬಿಗಿಹಿಡಿದು ಉಜ್ಜಿದ. ನಾಗರಾಜಪ್ಪ ಅವನ ಹೆಗಲ ಮೇಲೆ ಗದ್ದ ಇಟ್ಟು ಬಗ್ಗಿದ್ದ. ಅವನ ಉಸಿರಿನ ಬೀಡಿ ವಾಸನೆಯೂ ಆ ಹೊತ್ತಿನಲ್ಲಿ ಪಂಚಾಕ್ಷರಪ್ಪನಿಗೆ ತಟ್ಟಲಿಲ್ಲ. ಮೊದಲು ಒಂದು ಗೆರೆ ಕಂಡಿತು. ಏಳಿನ ತಲೆಗೆರೆಯಂತೆ ಕಂಡಿತು. ಇನ್ನೊಮ್ಮೆ ಉಜ್ಜಿದ. ಗೆರೆ ಬಾಗಿತು. ಬಾಗಿದ್ದು ಸುತ್ತಿತು. ಒಂದು ಪುಟ್ಟ ಸೊನ್ನೆ. ಅದರ ಕೆಳಗೆ ಇನ್ನೊಂದು ಪುಟ್ಟ ಸೊನ್ನೆ.

"ಎಂಟು" ಎಂದ. ಮಷೀನಿಗೆ ಮಾತ್ರ ಕೇಳಿಸಿತು.

"ಏನಂದ್ರಿ?"

"ಎಂಟು! ಎಂಟ್ರೀ!" ಈ ಸಲ ಅದು ಬೀದಿಗೂ ಕೇಳಿತು. "ಮುಚ್ಚಳ ಎಂಟು, ಮಷೀನು ಎಂಟು! ಬದಲಾಗಿಲ್ಲ! ಮೇಷ್ಟ್ರೇ, ನೀವೇ ನೋಡ್ರಿ, ತಗೊಳ್ರಿ ಗಾಜು!"

ಮೇಷ್ಟ್ರು ನೋಡಿ ತಲೆಯಾಡಿಸಿದ. ಷಣ್ಮುಖಪ್ಪ ನೋಡಿದರು, ಗಾಜು ತಲೆಕೆಳಗಾಗಿ ಹಿಡಿದಿದ್ದರೂ ಎಂಟು ಎಂಟೇ ಆಗಿತ್ತು. ನಾಗರಾಜಪ್ಪ ತನ್ನ ಗಡಿಯಾರವನ್ನು ಎರಡೂ ಕೈಯಲ್ಲೆತ್ತಿ ಕಣ್ಣಿಗೊತ್ತಿಕೊಂಡ. "ನಮ್ಮಪ್ಪನೇ! ನಮ್ಮಪ್ಪನೇ ರೀ!" ಎಂದು ಅಲ್ಲಿದ್ದವರಿಗೆಲ್ಲ ಪರಿಚಯ ಮಾಡಿಸಿದ. ಆಮೇಲೆ ತಾನೇ ಎದ್ದು ಹೋಗಿ ಷಣ್ಮುಖಪ್ಪನವರನ್ನು ಗಟ್ಟಿಯಾಗಿ ತಬ್ಬಿಕೊಂಡು, "ಬೀಗರೇ, ತಾಂಬೂಲ ತರಿಸ್ರಿ. ತಡ ಮಾಡಿದ್ರೆ ಈ ಮನುಷ್ಯ ಇನ್ನೇನಾದ್ರೂ ನೆನಪು ಮಾಡ್ಕೊಂಡಾನು!" ಎಂದ.

ತಾಂಬೂಲ ಬದಲಾಯಿತು. ರುದ್ರಾಣಿಯೇ ವಾಚನ್ನು ಹರಿವಾಣದಲ್ಲಿಡುವ ಮುಂಚೆ ಒಂದು ಗಳಿಗೆ ಕಿವಿಗೆ ಹಿಡಿದು ಕೇಳಿದಳು.

ಊಟಕ್ಕೆ ಕೂತಾಗ ಪಂಚಾಕ್ಷರಪ್ಪನಿಗೆ ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂದು ನೆನಪಾಯಿತು. ಹೋಳಿಗೆ ಬಡಿಸುತ್ತ ರುದ್ರಾಣಿ ಕೇಳಿದಳು, "ಅಲ್ರೀ ಅಣ್ಣಾರೇ, ಮಾಡದೇ ಇರೋ ತಪ್ಪಿಗೆ ಇಪ್ಪತ್ತೆರಡು ವರ್ಷ ಹೆದರಿದ್ರಾ?"

"ಹೆದರಿದ್ದು ಸುಳ್ಳಾತು. ಚೀಟಿ ಬರೆದದ್ದು ಸುಳ್ಳಾಗಲಿಲ್ಲವಲ್ಲ" ಎಂದ ಅವನು. ಸ್ವಲ್ಪ ಯೋಚಿಸಿ, "ಇನ್ನೊಂದು ಹಾಕವ್ವ, ತುಪ್ಪ ಜಾಸ್ತಿ" ಎಂದ.

ವಾಪಸು ಹೋಗುವಾಗ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ಕಿಟಕಿಯ ಪಕ್ಕ ಕೂತು, ಹೊಳೆಯ ಸೇತುವೆ ದಾಟುವುದರೊಳಗೆ ನಿದ್ದೆ ಹೋದ. ಬಸ್ಸಿನಲ್ಲಿ ನಿದ್ದೆ ಮಾಡುವವನಲ್ಲ. ಪಕ್ಕದ ಅಪರಿಚಿತನ ಹೆಗಲ ಮೇಲೆ ತಲೆಯಿಟ್ಟು, ಬಾಯಿ ಅರ್ಧ ತೆರೆದು, ಗೊರಕೆ ಹೊಡೆದ. ಚನ್ನಗಿರಿ ಬಂತು, ಚನ್ನಗಿರಿ ಹೋಯಿತು. ಕಂಡಕ್ಟರು ಅಲ್ಲಾಡಿಸಿ ಎಬ್ಬಿಸಿದಾಗ ಹೊರಗೆ ಸಂತೇಬೆನ್ನೂರು.

"ಎಲ್ಲಿಳೀಬೇಕಿತ್ರಿ ಯಜಮಾನ್ರೇ?"

"ಚನ್ನಗಿರಿ."

"ಅದು ಹೋಗಿ ಎಷ್ಟೊತ್ತಾತು! ವಾಪಸ್ ಗಾಡಿ ಇನ್ನು ಏಳಕ್ಕೇ."

ಪಂಚಾಕ್ಷರಪ್ಪ ಕೆಳಗಿಳಿದು, ಮೈಮುರಿದು, ಎರಡೂ ಕೈ ಮೇಲೆತ್ತಿ ಆಕಳಿಸಿದ. "ಈಗೆಷ್ಟು ಗಂಟೆ?"

"ಆರು."

"ಆಗ್ಲಿ ಬಿಡ್ರಿ" ಎಂದು ಅವನು ಚಹಾದಂಗಡಿಯ ಕಡೆ ನಡೆದ.